ಬೋಟು ಬರುವ ಮೊದಲಿನ ಮಾತ್ರೆ

ಹಟ್ಟಿಯಂಗಡಿ ಕಡೆಯ ಉಪಕೇಂದ್ರದಲ್ಲಿ ಕೆಲವು ವರ್ಷ ನರ್ಸ್ ಆಗಿದ್ದ ನನ್ನನ್ನು ಕೋಡಿ ಮತ್ತು ಬೀಜಾಡಿ ನಡುವಿನ ಕಡಲ ಬದಿಗೆ ವರ್ಗ ಮಾಡಿದರು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕುಟುಂಬ ಯೋಜನೆಯ ವಿಷಯದಲ್ಲಿ ನನಗೆ ಹೊಸದಾಗಿ ಕಲಿಯುವುದೇನೂ ಇಲ್ಲ ಎಂಬ ಧಿಮಾಕು ನನಗೆ ಸ್ವಲ್ಪ ಇತ್ತು. ಗದ್ದೆಯ ಊರುಗಳಲ್ಲಿ ಅದು ಸುಲಭದ ಕೆಲಸವಾಗಿತ್ತು. ಕೊಯ್ಲು ಮುಗಿದು ಭತ್ತ ಮನೆ ಸೇರಿದ ಮೇಲೆ ಹೆಂಗಸರು ತಾವಾಗಿಯೇ ಕೇಳಿಕೊಂಡು ಬರುತ್ತಿದ್ದರು. ಎರಡು ಮೂರು ಮಕ್ಕಳಾದವರಿಗೆ ಆಪರೇಷನ್, ಒಂದು ಮಗುವಿನವರಿಗೆ ಕಾಪರ್-ಟಿ. ಅತ್ತೆಯಂದಿರೂ ಅಡ್ಡ ಬರುತ್ತಿರಲಿಲ್ಲ, ಗಂಡಂದಿರು ಬಸ್ಸಿನ ತನಕ ಜೊತೆಗೆ ಬರುತ್ತಿದ್ದರು.

ಕಡಲ ಬದಿಯಲ್ಲಿ ಈ ಲೆಕ್ಕ ಒಂದೂ ನಡೆಯಲಿಲ್ಲ. ಇಲ್ಲಿನ ಗಂಡಸರಲ್ಲಿ ಅರ್ಧಕ್ಕರ್ಧ ಜನ ಗೋವಾ, ರತ್ನಾಗಿರಿ ಬೋಟುಗಳಲ್ಲಿ ದುಡಿಯುವವರು. ಮಳೆಗಾಲದಲ್ಲಿ ಮೀನುಗಾರಿಕೆ ಬಂದ್ ಆಗಿ ಬೋಟುಗಳನ್ನು ಮೇಲೆ ಎಳೆದ ಮೇಲೆ ಊರಿಗೆ ಬಂದರೆ, ಮತ್ತೆ ಕಡಲು ತೆರೆಯುವಾಗ ಹೊರಟರು. ಉಳಿದ ತಿಂಗಳು ಹೆಂಗಸರು ಮಕ್ಕಳನ್ನು ನೋಡಿಕೊಂಡು, ಮೀನಿನ ಬುಟ್ಟಿ ಹೊತ್ತು ಸಂಸಾರ ನಡೆಸುತ್ತಾರೆ. ಚಳಿಗಾಲದಲ್ಲಿ ನಡೆಯುವ ಆಪರೇಷನ್ ಕ್ಯಾಂಪಿಗೆ ಬನ್ನಿ ಎಂದರೆ, "ಈಗ ಮೀನಿನ ಹೊತ್ತ್ ಅಲ್ದಾ ಅಮ್ಮ, ಹೊರೆ ಹೊರ್ದೆ ಮನೆಲ್ ಕೂಕಂಡ್ರೆ ಮಕ್ಕಳಿಗ್ ಎಂತ ಹಾಕುದ್?" ಎಂದು ಕೇಳುತ್ತಿದ್ದರು. ಕಾಪರ್-ಟಿ ಎಂದರೆ, ತಲೆಹೊರೆ ಹೊರುವವರಿಗೆ ಅದು ಜಾರಿ ಬೀಳುತ್ತದೆ ಎಂಬ ಗಟ್ಟಿ ನಂಬಿಕೆ. ಹಾಗಾಗಿ ಅವರು ಒಪ್ಪುತ್ತಿದ್ದುದು ಮಾತ್ರೆ ಒಂದನ್ನೇ. ಸರ್ಕಾರ ಪುಕ್ಕಟೆ ಕೊಡುವ ಮಾಲಾ ಮಾತ್ರೆ.

ಒಪ್ಪಿದರೂ ನುಂಗುವ ರೀತಿ ಮಾತ್ರ ಅವರದೇ. ಗಂಡ ಮನೆಗೆ ಬಂದ ದಿನ ಶುರು, ಹೋದ ದಿನ ಬಂದ್. ಆತ ನೆಂಟರ ಮನೆಗೋ ನಾಟಕ ನೋಡಲಿಕ್ಕೋ ಹೋದ ದಿನ ಮಾತ್ರೆಗೂ ರಜೆ. ಒಬ್ಬಳಂತೂ, ಬೋಟು ಬಂದ ದಿನ ಒಟ್ಟಿಗೆ ಮೂರು ನುಂಗಿ ವಾಂತಿ ಮಾಡಿಕೊಂಡು ನನ್ನ ಹತ್ತಿರ ಬಂದಿದ್ದಳು. ನಮ್ಮ ತರಬೇತಿಯ ಪ್ರಕಾರ ಮುಟ್ಟಾದ ಐದನೇ ದಿನದಿಂದ ಶುರು ಮಾಡಿ, ಗಂಡ ಇರಲಿ ಬಿಡಲಿ, ಪ್ರತಿ ರಾತ್ರಿ ಒಂದೊಂದು ತೆಗೆದುಕೊಳ್ಳಬೇಕು. ಬಿಳಿ ಮಾತ್ರೆಗಳು ಮುಗಿದ ಮೇಲೆ ಅದೇ ಪಟ್ಟಿಯಲ್ಲಿರುವ ಕಂದು ಮಾತ್ರೆ. ಅವು ರಕ್ತಕ್ಕೆ ಬೇಕಾದ ಕಬ್ಬಿಣದ ಮಾತ್ರೆಗಳು, ಅವನ್ನು ತಿನ್ನುವಾಗ ಮುಟ್ಟು ಬರುತ್ತದೆ. ಇದನ್ನೆಲ್ಲ ಹೇಳಿದರೆ ಹೆಂಗಸರು ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಫಲ ಏನೆಂದರೆ, ಮಳೆಗಾಲ ಕಳೆದು ದಸರಾ ಹೊತ್ತಿಗೆ ಬಸುರಿಯರ ಸಾಲು, ಶಿವರಾತ್ರಿಯಿಂದ ಯುಗಾದಿವರೆಗೆ ನನಗೆ ಕಣ್ಣು ಮುಚ್ಚಲು ಬಿಡುವಿಲ್ಲದಷ್ಟು ಹೆರಿಗೆ. ಮಾತ್ರೆಯೇ ಸುಳ್ಳು ಎಂದು ಅವರೂ, ಇವರಿಗೆ ಬುದ್ಧಿ ಇಲ್ಲ ಎಂದು ನಾನೂ ಗೊಣಗಿಕೊಂಡೆವು.

ಹೀಗೆ ಗೊಣಗುತ್ತ ಇದ್ದುಬಿಡುತ್ತಿದ್ದೆನೋ ಏನೋ. ಆದರೆ ಒಬ್ಬಳ ವಿಷಯದಲ್ಲಿ ಹಾಗೆ ಬಿಡುವಂತಿರಲಿಲ್ಲ.

ಆಕೆಗೆ ಮೂರು ಮಕ್ಕಳು. ಮೂರೂ ಬೇಸಿಗೆಯಲ್ಲೇ ಹುಟ್ಟಿದವು. ಮೂರನೇ ಹೆರಿಗೆಯಲ್ಲಿ ರಕ್ತ ಹೋಗಿ, ಕುಂದಾಪುರಕ್ಕೆ ಜೀಪಿನಲ್ಲಿ ಸಾಗಿಸಿ, ಊರಿನ ಹುಡುಗರು ರಕ್ತ ಕೊಟ್ಟು ಹೇಗೋ ಉಳಿದುಕೊಂಡಿದ್ದಳು. ಮಗುವಿಗೆ ಒಂದು ವರ್ಷವಾದರೂ ಆಕೆಯ ಮೈಗೆ ರಕ್ತ ತುಂಬಿರಲಿಲ್ಲ. ಮುಟ್ಟು ಬಂದರೆ ವಾರ ಕಳೆದರೂ ನಿಲ್ಲದು. ಏಪ್ರಿಲಿನಲ್ಲಿ ಒಂದು ದಿನ ಬುಟ್ಟಿ ಇಳಿಸಿ ನನ್ನ ಕೇಂದ್ರದ ಜಗಲಿಯಲ್ಲಿ ಕುಳಿತವಳು, ಏಳಲಾಗದೆ ಗೋಡೆ ಹಿಡಿದುಕೊಂಡಳು.

"ಕಣ್ಣ್ ಕತ್ತಲಿ ಬತ್ತ್ ಅಮ್ಮ. ಈ ಸಲ ಆದ್ರೂ ಆಪರೇಷನ್ ಮಾಡ್ಸಿ ಬಿಡಿ. ಇನ್ನೊಂದ್ ಹೆರಿಗಿ ಆರೆ ನಾ ಉಳುದಿಲ್ಲ" ಎಂದಳು.

ಅವಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಮೈಸೂರು ಕಡೆಯವರು, ಮಾತು ಕಡಿಮೆ. ರಕ್ತ ಪರೀಕ್ಷೆ ಮಾಡಿಸಿ, ರಕ್ತದೊತ್ತಡ ನೋಡಿ, ಕಾಮಾಲೆ ಆಗಿತ್ತೇ, ಕಾಲು ಊದುತ್ತದೆಯೇ ಎಂದೆಲ್ಲ ಕೇಳಿದರು.

"ಹಿಮೋಗ್ಲೋಬಿನ್ ಏಳು ಇದೆ. ಇಷ್ಟರಲ್ಲಿ ಆಪರೇಷನ್ ಮಾಡೋಕ್ಕಾಗಲ್ಲ. ಕಾಪರ್-ಟಿ ಹಾಕಿದ್ರೆ ರಕ್ತ ಇನ್ನೂ ಜಾಸ್ತಿ ಹೋಗುತ್ತೆ. ಮಾತ್ರೆ ಕೊಡಿ ಸಿಸ್ಟರ್. ಗರ್ಭಾನೂ ನಿಲ್ಲಲ್ಲ, ಮುಟ್ಟಿನ ರಕ್ತಾನೂ ಕಡಿಮೆ ಆಗುತ್ತೆ. ಮೈ ಸುಧಾರಿಸಿದ ಮೇಲೆ ಆಪರೇಷನ್ ನೋಡೋಣ. ಗಂಡ ಯಾವಾಗ ಬರ್ತಾನೆ?" ಎಂದು ಕೇಳಿದರು.

"ಜೂನಿನಲ್ಲಿ ಸರ್."

"ಹಾಗಾದ್ರೆ ಮೇ ತಿಂಗಳಲ್ಲೇ ಶುರು ಮಾಡ್ಬೇಕು. ಬಂದ ಮೇಲೆ ಶುರು ಮಾಡೋದು ಬೇಡ. ಈ ವರ್ಷ ಇವರು ಬಸುರಿ ಆಗ್ಬಾರ್ದು."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಮಾತ್ರೆಯ ದಾಸ್ತಾನು ನನ್ನ ಹತ್ತಿರ ಇರಲಿಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಯಾರೂ ಮಾತ್ರೆ ಕೇಳುವುದಿಲ್ಲವೆಂದು, ಹಿಂದಿನ ತಿಂಗಳ ಖರ್ಚು ನೋಡಿ ಕಳಿಸುವ ಪದ್ಧತಿಯಲ್ಲಿ, ನಮಗೆ ಬರುತ್ತಿದ್ದುದೇ ಸೊನ್ನೆ. ಔಷಧ ವಿಭಾಗದವರು, "ನಿಮ್ಮಲ್ಲಿ ಬಳಸುವವರೇ ಇಲ್ಲ ಅಂತ ನೀವೇ ಬರೆದು ಕಳಿಸಿದ್ದೀರಿ" ಎಂದರು. ಗಂಡಸರೇ ಊರಲ್ಲಿಲ್ಲದಾಗ ಬಳಸುವವರು ಎಲ್ಲಿಂದ ಬರಬೇಕು ಎಂದು ಕೇಳಿ ಅವರ ಹತ್ತಿರ ಒಂದಿಷ್ಟು ಜಗಳವನ್ನೂ ಆಡಿದೆ. ಕೊನೆಗೆ ಬ್ರಹ್ಮಾವರದ ಹತ್ತಿರ ಕೆಲಸ ಮಾಡುತ್ತಿದ್ದ ನನ್ನ ಜೊತೆಗಾರ್ತಿಯ ಕೈಯಿಂದ ಕೆಲವು ಪ್ಯಾಕೆಟ್ ಕಡ ತಂದೆ.

ಪ್ಯಾಕೆಟ್ ಹಿಡಿದು ಆಕೆಯ ಮನೆಗೆ ಹೋದರೆ ಆಕೆ ಅದನ್ನು ಮುಟ್ಟಲಿಲ್ಲ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಮೆಲ್ಲಗೆ ಹೇಳಿದಳು.

"ಅಮ್ಮ, ನೀವ್ ಹೇಳುದ್ ನಂಗ್ ಗೊತ್ತಾತ್ತ್. ಆರೆ ಅವ್ರ್ ರತ್ನಾಗಿರಿಲ್ ಇದ್ರ್. ನಾ ಇಲ್ಲ್ ಈ ಮಾತ್ರೆ ತಿಂಬುದ್ ಯಾರಾರೂ ಕಂಡ್ರೆ ಎಂತ ಅಂಬ್ರ್?"

ಮೂರು ಮಳೆಗಾಲ ಇವರಿಗೆ ಬುದ್ಧಿ ಇಲ್ಲ ಎಂದುಕೊಂಡಿದ್ದೆನಲ್ಲ, ಅವರು ನಗುತ್ತಿದ್ದುದಕ್ಕೆ ಕಾರಣ ಆವತ್ತು ತಿಳಿಯಿತು. ಗಂಡ ಊರಲ್ಲಿಲ್ಲದ ಹೆಂಗಸು ಬಸುರಾಗದಿರಲು ಮಾತ್ರೆ ನುಂಗಿದರೆ ಜನ ಏನೆನ್ನುತ್ತಾರೆ ಎಂಬುದನ್ನು ನಮ್ಮ ತರಬೇತಿಯಲ್ಲಿ ಯಾರೂ ಯೋಚಿಸಿರಲಿಲ್ಲ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಿಕ್ಕಾಗುತ್ತದೆಯೇ?

ಆಕೆಯೇ ಒಂದು ಉಪಾಯ ಹೇಳಿದಳು. "ರಕ್ತದ್ ಮಾತ್ರೆ ಅಂದ್ ಹೇಳುವ. ಕಂದ್ ಮಾತ್ರೆ ಇತ್ತಲ್ಲ, ಪೂರಾ ಸುಳ್ಳೂ ಆತ್ತಿಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂಥ ಉಪಾಯ. ನನಗೂ ಒಂದು ಕ್ಷಣ ಆಸೆಯಾಯಿತು. ಹೂಂ ಅಂದಿದ್ದರೆ ಆವತ್ತೇ ಶುರು ಮಾಡಬಹುದಿತ್ತು. ಆದರೆ ಆ ಪ್ಯಾಕೆಟ್ಟನ್ನು ಗುರುತಿಸದ ಹೆಂಗಸು ಆ ಕೇರಿಯಲ್ಲಿ ಇರಲಿಲ್ಲ. ಗೋಡೆಯ ಮೇಲೆ ಅದರ ಚಿತ್ರ ಅಂಟಿಸಿದವಳೇ ನಾನು. ಮುಚ್ಚಿಟ್ಟು ತಿಂದದ್ದು ನಾಳೆ ಹೊರಗೆ ಬಿದ್ದರೆ ಆಕೆಗೆ ಬಾಯಿ ಇರುವುದಿಲ್ಲ. ಮನೆಯವರಿಗೆ ಹೇಳಿಯೇ ತಿನ್ನಬೇಕು, ಅದೂ ಗಂಡನ ಬಾಯಿಂದಲೇ ಹೇಳಿಸಬೇಕು ಎಂದು ನಾನು ಹಟ ಹಿಡಿದೆ. ಆಕೆ ಕೊನೆಗೆ, "ಅತ್ತೆಗ್ ನೀವೇ ಹೇಳಿ, ನನ್ ಕೈಯಗ್ ಆತ್ತಿಲ್ಲ" ಎಂದಳು.

ಅತ್ತೆ ಆ ಕೇರಿಯ ಮೀನು ಮಾರುವ ಹೆಂಗಸರಿಗೆಲ್ಲ ಹಿರಿಯಾಳು. ಎಂಟು ಹೆತ್ತವರು. ನಾನು ಹೇಳಿದ್ದನ್ನು ಕೇಳಿ, ಎಲೆಯಡಿಕೆ ಉಗಿದು ಬಂದು, "ನಂಗೂ ರಕ್ತ ಹೋಯಿತ್, ನಾ ಸತ್ನಾ? ಗಂಡ್ ರತ್ನಾಗಿರಿಲ್ ಇಪ್ಪತಿಗೆ ಇಲ್ಲ್ ಹೆಂಡ್ತಿಗ್ ಮಾತ್ರೆ ಎಂತಕ್? ನೀವ್ ಓದದ್ ಇದೇಯಾ?" ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಆದರೂ ತಡೆದುಕೊಂಡು, "ನಿಮ್ಮ ಮಗನ ಹತ್ರ ನಾನೇ ಕೇಣ್ತೆ. ಅವ್ರ್ ಬ್ಯಾಡ ಅಂದ್ರೆ ನಾ ಮತ್ತೆ ಈ ಮನೆ ಮೆಟ್ಲ್ ಹತ್ತುದಿಲ್ಲ" ಎಂದೆ.

ಮಗ ವಾರಕ್ಕೊಮ್ಮೆ, ಬೋಟಿಗೆ ರಜೆಯಿದ್ದ ಶುಕ್ರವಾರ, ರಸ್ತೆ ಬದಿಯ ಅಂಗಡಿಯ ಫೋನಿಗೆ ಕರೆ ಮಾಡುತ್ತಿದ್ದ. ಆ ಶುಕ್ರವಾರ ನಾವು ಮೂವರೂ ಹೋಗಿ ಕಾದೆವು. ಅಂಗಡಿಯ ಬೆಂಚಿನಲ್ಲಿ ನಾಲ್ಕೈದು ಗಂಡಸರು ಚಾ ಕುಡಿಯುತ್ತಿದ್ದರು. ಫೋನು ಬಂದಾಗ ನಾನೇ ಎತ್ತಿಕೊಂಡೆ. ರತ್ನಾಗಿರಿಗೆ ಕೇಳಬೇಕಾದರೆ ಕೂಗಿಯೇ ಹೇಳಬೇಕು. ಕೂಗಿದರೆ ಬೆಂಚಿಗೂ ಕೇಳುತ್ತದೆ. ನಾಚಿಕೆ ಬಿಟ್ಟು ಕೂಗಿದೆ. ನಿಮ್ಮ ಹೆಂಡತಿಯ ಮೈಯಲ್ಲಿ ರಕ್ತ ಇಲ್ಲ, ಈ ವರ್ಷ ಬಸುರಿ ಆದರೆ ಜೀವಕ್ಕೆ ಅಪಾಯ, ನೀವು ಬರುವ ಒಂದು ತಿಂಗಳ ಮೊದಲೇ ಮಾತ್ರೆ ಶುರು ಮಾಡಬೇಕು, ಡಾಕ್ಟ್ರು ಹೇಳಿದ್ದು ಹೀಗೆ ಎಂದೆ. ಬೆಂಚಿನವರು ಚಾ ಬಿಟ್ಟು ನನ್ನ ಕಡೆ ತಿರುಗಿದರು.

ಆ ಕಡೆಯಿಂದ ಆತ ಕೇಳಿದ. "ಕಳ್ದ ಸಲ ಜೀಪಗ್ ಕೊಂಡೋದಂಗೆ ಆತ್ತಾ?"

"ಹೌದ್, ಹಾಂಗೇ ಆಪುಕ್ ಸಾಕ್."

"ಅಬ್ಬಿಗ್ ಕೊಡಿ ಫೋನ್."

ಅವನ ತಾಯಿಗೆ ಕೊಟ್ಟೆ. ಅತ್ತೆ ರಿಸೀವರ್ ಹಿಡಿದು ಬರೀ "ಹ್ಞೂಂ, ಹ್ಞೂಂ" ಎಂದರು. ಮಗ ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಫೋನಿಟ್ಟ ಮೇಲೆ ನನ್ನ ಮುಖ ನೋಡದೆ ಸೊಸೆಗೆ, "ತಿನ್ ಹೆಣೆ. ಅವನೇ ತಿಂಬುಕ್ ಹೇಳ್ದ, ಇನ್ ನಂದೆಂತ ಇತ್ತ್" ಎಂದು ಬುಟ್ಟಿ ಎತ್ತಿಕೊಂಡು ನಡೆದರು.

ಮೇ ತಿಂಗಳ ಮುಟ್ಟಿನ ಐದನೇ ದಿನ ಶುರುವಾಯಿತು. ಮೊದಲ ಪಟ್ಟಿಯಲ್ಲಿ ಹೊಟ್ಟೆ ತೊಳೆಸಿತು, ಊಟದ ಮೇಲೆ ತೆಗೆದುಕೊಳ್ಳಲು ಹೇಳಿದೆ. ನಡುವೆ ಒಂದೆರಡು ದಿನ ಸ್ವಲ್ಪ ರಕ್ತದ ಕಲೆ ಕಾಣಿಸಿಕೊಂಡಿತು. ಹೆದರಬೇಡ, ಎರಡನೇ ಪಟ್ಟಿಗೆ ಸರಿಯಾಗುತ್ತದೆ ಎಂದೆ. ಸರಿಯೂ ಆಯಿತು. ಮರೆಯದಿರಲು ಆಕೆ ಪಟ್ಟಿಯನ್ನು ಅಕ್ಕಿ ಡಬ್ಬದ ಮುಚ್ಚಳದ ಮೇಲೆ ಇಟ್ಟುಕೊಂಡಳು.

ಜೂನಿನಲ್ಲಿ ಗೋವಾ, ರತ್ನಾಗಿರಿಯ ಗಂಡಸರು ಒಬ್ಬೊಬ್ಬರಾಗಿ ಬಂದರು. ಆಕೆಯ ಗಂಡ ಮಾತ್ರ ಬರಲಿಲ್ಲ. ಮೇಲೆ ಎಳೆದ ಬೋಟಿನ ಕಾವಲಿಗೆ, ಬಲೆ ಕಟ್ಟುವ ಕೆಲಸಕ್ಕೆ ಮಾಲಕರು ಅವನನ್ನು ಅಲ್ಲೇ ಉಳಿಸಿಕೊಂಡಿದ್ದಾರೆ, ದೀಪಾವಳಿಗೆ ಬಂದರೂ ಬಂದನೇ ಎಂದು ಜೊತೆಗಾರ ಸುದ್ದಿ ತಂದ.

ನಾನು ಯಾವುದಕ್ಕೂ ಇಷ್ಟು ಕಂಗಾಲಾದವಳಲ್ಲ. ಫೋನಿನಲ್ಲಿ ಕೂಗಿ ಊರಿಗೆಲ್ಲ ಸಾರಿದ್ದು ಗಂಡ ಬರುತ್ತಾನೆಂದು. ಈಗ ಗಂಡನೇ ಇಲ್ಲ, ಮಾತ್ರೆ ನಡೆಯುತ್ತಿದೆ. ನೀರಿನ ನಳ್ಳಿಯ ಹತ್ತಿರ ಶುರುವಾದ ಮಾತು ನನ್ನ ಕಿವಿಗೂ ಬಿತ್ತು. ನಿಲ್ಲಿಸುತ್ತೇನೆ ಎಂದು ಆಕೆ ಹೇಳುತ್ತಾಳೆ, ಹೇಳಿದರೆ ಏನೆಂದು ವಾದಿಸುವುದು ಎಂದು ಯೋಚಿಸುತ್ತಲೇ ಹೋದೆ. ಆಕೆ ಚಾವಡಿಯಲ್ಲಿ ಒಣಮೀನು ಆರಿಸುತ್ತಿದ್ದಳು.

"ಮೊದ್ಲೆಲ್ಲ ಎಂಟ್ ದಿನ ಹೋತಿತ್ತ್, ಈ ಸಲ ಮೂರೇ ದಿನ. ಗಂಡ್ ಬರ್ಲಿಲ್ಲ ಅಂದೇಳಿ ನನ್ ರಕ್ತ ನಿಲ್ತಾ ಅಮ್ಮ? ಇನ್ನೊಂದ್ ಪಟ್ಟಿ ಕೊಡಿ" ಎಂದಳು.

ಕೊಟ್ಟೆ. ಆದರೆ ಮುಂದಿನ ವಾರ, ಜುಲೈ ಶುರುವಿನಲ್ಲಿ, ಆಕೆಯೇ ಓಡಿ ಬಂದಳು. ಡಬ್ಬದ ಮೇಲಿನ ಪಟ್ಟಿ ಕಾಣುತ್ತಿಲ್ಲ, ಎರಡು ರಾತ್ರಿ ತಪ್ಪಿದೆ. ತೆಗೆದಿಟ್ಟದ್ದು ಅತ್ತೆ. ಎರಡು ತಪ್ಪಿದರೆ ಎರಡು ದಿನ ಎರಡೆರಡು ತೆಗೆದುಕೊಳ್ಳಬೇಕು ಎಂದು ಬೇರೆ ಪಟ್ಟಿ ಕೊಟ್ಟು, ಅವಳನ್ನು ಕರೆದುಕೊಂಡು ನೇರ ಅತ್ತೆಯ ಹತ್ತಿರ ಹೋದೆ. ಜಗಳಕ್ಕೇ ಹೋದದ್ದು. ಅವರು ಅಂಗಳದಲ್ಲಿ ಯಾರೋ ತಂದ ಹೊಳೆಮೀನನ್ನು ಕೊಳ್ಳಲು ಕುಳಿತಿದ್ದರು.

"ನಂಗ್ ಕೇಂಬುಕ್ ಆತ್ತಿಲ್ಲ" ಎಂದರು ನಾನು ಬಾಯಿ ತೆರೆಯುವ ಮೊದಲೇ. "ನಳ್ಳಿ ಹತ್ರ ಹೋರೆ ಅದೇ ಮಾತ್, ಪ್ಯಾಟಿಗ್ ಹೋರೆ ಅದೇ ಮಾತ್. ನನ್ ಸೊಸಿ ಹಾಂಗಿನವಳಲ್ಲ ಅಂದ್ ನಂಗೊತ್ತಿತ್ತ್. ಅವ್ರಿಗ್ ಹ್ಯಾಂಗ್ ತೋರ್ಸುದ್?"

ಕಣ್ಣಲ್ಲಿ ನೀರಿತ್ತು. ಅವರ ಕೈ ಮಾತ್ರ ಕೆಲಸ ನಿಲ್ಲಿಸಿರಲಿಲ್ಲ. ಮೀನಿನ ಕಿವಿರು ಎತ್ತಿ ನೋಡುವುದು, ಕೆಂಪಿದ್ದರೆ ಬುಟ್ಟಿಗೆ, ಬಿಳುಚಿದ್ದರೆ ಆಚೆಗೆ. ಅದನ್ನು ನೋಡುತ್ತ ನಿಂತವಳಿಗೆ ಒಂದು ಬುದ್ಧಿ ಬಂತು. ಸೊಸೆಯನ್ನು ಬೆಳಕಿಗೆ ಕೂರಿಸಿ ಅವಳ ಕೆಳಗಿನ ಕಣ್ರೆಪ್ಪೆಯನ್ನು ಕೆಳಗೆಳೆದು ಹಿಡಿದೆ.

"ಇಲ್ಲ್ ಕಾಣಿ. ಎಷ್ಟ್ ಕೆಂಪಿತ್ತ್?"

ಅತ್ತೆ ಬಗ್ಗಿ ನೋಡಿದರು. ಆಮೇಲೆ ನಾನು ಪಕ್ಕದ ಮನೆಯ ಹುಡುಗಿಯೊಬ್ಬಳನ್ನು ಕರೆದು ಅವಳ ರೆಪ್ಪೆಯನ್ನೂ ತೋರಿಸಿದೆ. ಅದು ಕೆಂಪಗೆ ತುಂಬಿಕೊಂಡಿತ್ತು.

"ಇವ್ಳದ್ ಈಗಳೂ ಬಿಳ್ಚ್ಕಂಡಿತ್ತ್" ಎಂದರು ಅತ್ತೆ.

"ಏಪ್ರಿಲಿನಗೆ ಬೆಳ್ಳಗ್ ಕಾಗ್ದದ್ ಹಾಂಗಿತ್ತ್. ಈಗ ಇಷ್ಟಾರೂ ಬಣ್ಣ ಬಂದಿತ್ತ್. ಮಾತ್ರೆ ಬಿಟ್ರೆ ರಕ್ತ ಮತ್ತೆ ಮೊದ್ಲಿನಂಗೆ ಹೋತ್ತ್. ನಿಮ್ಗೆ ಬಣ್ಣ ಕಾಂಬುಕ್ ನಾ ಕಲ್ಸ್ಕಾ?" ಎಂದೆ.

ಅವರು ಸೊಸೆಯ ರೆಪ್ಪೆಯನ್ನು ತಾವೇ ಇನ್ನೊಮ್ಮೆ ಎಳೆದು ನೋಡಿದರು. ಮೀನಿನ ನೀರಿನಿಂದ ಒದ್ದೆಯಾಗಿದ್ದ ಕೈ, ಸೊಸೆ ಕಣ್ಣು ಉರಿಯುತ್ತದೆಂದು ಕೊಸರಿಕೊಂಡಳು. ಅತ್ತೆ ಒಳಗೆ ಹೋಗಿ, ತೆಗೆದಿಟ್ಟಿದ್ದ ಪಟ್ಟಿ ತಂದು ನನ್ನ ಕೈಯಲ್ಲಿಟ್ಟರು. ಆಮೇಲೆ ನಳ್ಳಿಯ ಹತ್ತಿರ ಏನು ನಡೆಯಿತೋ ನನಗೆ ಪೂರ್ತಿ ಗೊತ್ತಿಲ್ಲ. ಮಾತಾಡಿದವಳ ರೆಪ್ಪೆಯನ್ನೇ ಎಳೆದು ನೋಡಿ, "ನಿಂಗೂ ಒಂದ್ ಪಟ್ಟಿ ಬೇಕ್" ಎಂದರಂತೆ. ಆ ಆಗಸ್ಟಿನಲ್ಲಿ ಇಬ್ಬರು ಹೆಂಗಸರು, ಗಂಡಂದಿರು ಬೋಟಿಗೆ ಮರಳಿದ ಮೇಲೂ ಮಾತ್ರೆ ನಿಲ್ಲಿಸದೆ ನನ್ನ ಹತ್ತಿರ ಬಂದರು. ಅಷ್ಟು ವರ್ಷದಲ್ಲಿ ಅದೇ ಮೊದಲು.

ಚೌತಿಗೆ ರತ್ನಾಗಿರಿ ಕಡೆಯಲ್ಲಿ ಕೆಲಸವೆಲ್ಲ ನಿಲ್ಲುತ್ತದೆ. ಆ ರಜೆಯಲ್ಲಿ ಆಕೆಯ ಗಂಡ, ಯಾರಿಗೂ ಹೇಳದೆ, ಹೊಸದಾಗಿ ಬಂದಿದ್ದ ಕೊಂಕಣ ರೈಲು ಹತ್ತಿ ಊರಿಗೆ ಬಂದುಬಿಟ್ಟಿದ್ದ. ನನಗೆ ತಿಳಿದದ್ದು ಅವನು ವಾಪಸು ಹೊರಡುವ ದಿನ. ಮನೆ ಭೇಟಿಗೆ ಹೋಗುತ್ತಿದ್ದಾಗ ದಾರಿಯಲ್ಲಿ ಚೀಲ ಹೆಗಲಿಗೆ ಹಾಕಿಕೊಂಡು ಎದುರಿಗೆ ಬಂದ. ಹಿಂದೆಯೇ ತಾಯಿ.

"ನರ್ಸಮ್ಮ, ಒಂದ್ ಮಾತ್ ಕೇಣ್ತೆ" ಎಂದ. ಕಣ್ಣು ನೆಲದ ಮೇಲಿತ್ತು. "ನಾ ಬತ್ತೆ ಅಂದ್ ಮನೆಲ್ ಯಾರಿಗೂ ಹೇಳಿರ್ಲಿಲ್ಲ. ಕಾಂಬತಿಗೆ ಅವ್ಳ್ ಮಾತ್ರೆ ತಿಂತಾ ಇದ್ಲ್. ನಾ ಇಲ್ಲದಿದ್ರೂ ತಿಂಕಾ ಅದ್?"

ಊರಿನವರ ಮಾತು ಅವನ ಕಿವಿಗೆ ಯಾರು ಊದಿದರೋ. ನಾನು ರಕ್ತ, ಹಿಮೋಗ್ಲೋಬಿನ್ ಎಂದು ಶುರು ಮಾಡುವಷ್ಟರಲ್ಲಿ ಹಿಂದಿನಿಂದ ತಾಯಿಯ ದನಿ ಬಂತು.

"ತಿಂಬುಕ್ ಹೇಳದ್ ನಾನ್. ಅವ್ಳ್ ಹತ್ರ ಎಂತ ಕೇಣ್ತೆ, ಅವ್ರ್ ಹತ್ರ ಎಂತ ಕೇಣ್ತೆ? ನಂಗ್ ಕೇಣ್. ನೀ ಯಾವಾಗ್ ಬತ್ತೆ ಅಂದ್ ಕಾಯ್ತಾ ಕೂಕಂಡ್ರೆ ಹೆಣ್ಣಿನ್ ಜೀವ ಉಳಿತ್ತಾ? ಟ್ರೈನಿಗ್ ಹೊತ್ತಾಯ್ತ್, ನಡಿ."

ಆತ ತಲೆಯಾಡಿಸಿ ನಡೆದ. ಸ್ವಲ್ಪ ದೂರ ಹೋದವನು ತಿರುಗಿ, "ಅವ್ಳ್ ಮೈ ಸಮಾ ಆಯಿತ್ ಅಮ್ಮ" ಎಂದು ಹೇಳಿ ಹೋದ.

ಅವನು ಹೋದ ಮೇಲಿನ ದಿನಗಳನ್ನು ನಾನು ಸಮಾಧಾನದಿಂದ ಕಳೆಯಲಿಲ್ಲ. ಮಾತ್ರೆ ಮೇಲಿನ ನಂಬಿಕೆ ನನಗೆ ಇತ್ತು. ಆದರೆ ಜುಲೈಯಲ್ಲಿ ತಪ್ಪಿದ ಹಾಗೆ ಮತ್ತೆಲ್ಲಾದರೂ ತಪ್ಪಿದ್ದರೆ? ಆಕೆ ನನಗೆ ಹೇಳದೆ ಇದ್ದಿದ್ದರೆ? ಬೇರೆಯವರ ಮನೆಯ ಮುಟ್ಟಿನ ದಿನವನ್ನು ನಾನು ನನ್ನದೇ ಎಂಬಂತೆ ಕಾದೆ. ಕೇಳಿಕೊಂಡು ಹೋಗಲು ಧೈರ್ಯ ಸಾಲಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಬುಟ್ಟಿ ಹೊತ್ತು ಬಂದರು. ಅತ್ತೆ ಹೊರಗೆ ಜಗಲಿಯಲ್ಲೇ ಕುಳಿತರು. ಸೊಸೆ ಒಳಗೆ ಬಂದು ಬಾಗಿಲು ಮುಂದೆ ಮಾಡಿ, "ಬಂತ್ ಅಮ್ಮ" ಎಂದಳು, ಅಷ್ಟೇ. ನಾನು ಇದ್ದಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆ. ಎಷ್ಟು ಹೆದರಿಕೊಂಡಿದ್ದೆ ಎಂದು ನನಗೇ ಆಗ ಗೊತ್ತಾದದ್ದು. ಆಕೆ ನನ್ನನ್ನು ನೋಡಿ ನಕ್ಕಳು. ಚೌತಿಗೆ ಮೊದಲು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದಾಗ ವೈದ್ಯರು ಹಿಮೋಗ್ಲೋಬಿನ್ ಹೆಚ್ಚುಕಡಿಮೆ ಹತ್ತು ಇದೆ ಎಂದು ಹೇಳಿದ್ದರು, ಈಗ ಬೇಕಾದರೆ ಆಪರೇಷನ್ ಮಾಡಬಹುದು ಎಂದೂ ಹೇಳಿದ್ದರು. ಅದನ್ನು ನೆನಪಿಸಿದೆ.

"ಈಗ ಮೀನಿನ ಹೊತ್ತ್. ಬಪ್ಪ ಮಳೆಗಾಲ್ದಗೆ ಮಾಡ್ಸುಕ್ ಆತ್ತಾ ಕೇಣಿ" ಎಂದಳು. ಕೇಳುತ್ತೇನೆ ಎಂದೆ.

ಹೊರಗೆ ಬಂದರೆ ಅತ್ತೆ ಎದ್ದು ನಿಂತಿದ್ದರು. ಸೊಸೆ ಅವರಿಗೆ ಏನೂ ಹೇಳಲಿಲ್ಲ, ಮುಖ ನೋಡಿ ತಲೆಯಾಡಿಸಿದಳು. ಅವರು ನನ್ನ ಕಡೆ ಕೈ ಚಾಚಿದರು.

"ಹಾಂಗಾರೆ ಮುಂದಿನ ಪಟ್ಟಿ ಕೊಡಿ ಅಮ್ಮ. ಅಂವ ಹೇಳದೇ ಬಪ್ಪ ಜನ."